ಬೆಟ್ಟದ ಮೇಲೆ ಕೇಸರಿಬಾತು

ಎಡಗೈಯದು, ಒಂದೇ ಒಂದು. ಬೂದು ಬಣ್ಣದ ಬಟ್ಟೆ, ಅಂಗೈಗೆ ಮಾತ್ರ ಹಸಿರು ರಬ್ಬರಿನ ಲೇಪ. ತೋರುಬೆರಳಿನ ತುದಿಯಲ್ಲಿ ರಬ್ಬರು ಸವೆದು ಒಳಗಿನ ನೇಯ್ಗೆ ಕಾಣುತ್ತದೆ. ಕಳೆದ ಮಂಗಳವಾರ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನ ಟೈರು ಗಾಳಿ ಕಳೆದುಕೊಂಡು ಕೂತಿತ್ತು. ಸ್ಪೇರ್ ಟೈರು ತೆಗೆಯಲೆಂದು ಟ್ರಂಕಿನ ಮ್ಯಾಟ್ ಎತ್ತಿದರೆ, ಆ ಟೈರಿನ ನಡುವಿನ ಗುಳಿಯಲ್ಲಿ ಈ ಗ್ಲೌಸು ಮುದುಡಿಕೊಂಡಿತ್ತು. ಕುಂಡದ ಮಣ್ಣು ಸಡಿಲಿಸುವಾಗ ಹಾಕಿಕೊಳ್ಳುವಂಥದ್ದು. ನನ್ನ ಮನೆಯಲ್ಲಿ ಒಂದು ಕುಂಡವೂ ಇಲ್ಲ. ಟೈರು ಬದಲಿಸಲು ಬಂದಿದ್ದವನು ಅದನ್ನು ಎತ್ತಿ ಹಿಡಿದು, ಬೇಕೋ ಬೇಡವೋ ಎಂದು ಹುಬ್ಬಿನಲ್ಲೇ ಕೇಳಿದ. ಬೇಕು ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ಗೊತ್ತಾಗುತ್ತಿರಲಿಲ್ಲ. ನಿಮಗಾದರೆ ಪುರಸೊತ್ತಿದೆ ಎಂದುಕೊಂಡು ಹೇಳಲು ಪ್ರಯತ್ನಿಸುತ್ತೇನೆ.

ಮೂರು ವರ್ಷದ ಹಿಂದೆ ಅಕ್ಟೋಬರಿನ ಒಂದು ಶನಿವಾರ, ನನ್ನನ್ನು ನೋಡಲು ಬಂದ ಹುಡುಗ ಮತ್ತು ಅವನ ತಾಯಿಯ ಜೊತೆ ನಾನು ವರ್ಜೀನಿಯಾದ ಒಂದು ಬೆಟ್ಟ ಹತ್ತಿದೆ. ಹೆಣ್ಣು ನೋಡುವ ಶಾಸ್ತ್ರ ಎಂದರೆ ನಿಮಗೆ ಹಾಲ್, ಸೋಫಾ, ಉಪ್ಪಿಟ್ಟು, ಕೇಸರಿಬಾತು, ಬಾಗಿಲ ಮರೆಯಲ್ಲಿ ಚಿಕ್ಕಮ್ಮಂದಿರು ಕಣ್ಣಿಗೆ ಬರಬಹುದು. ನನ್ನ ಪಾಲಿಗೆ ಅದು ಬಂಡೆಗಳ ಮೇಲೆ ನಡೆಯಿತು. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ದೂರಬೇಕೆಂದರೆ ಬಯೋಡೇಟಾವನ್ನು ದೂರಬೇಕು.

ನನ್ನ ಬಯೋಡೇಟಾ ಬರೆದದ್ದು ಮೈಸೂರಿನಲ್ಲಿರುವ ಅಮ್ಮ. ಹವ್ಯಾಸಗಳು ಎಂಬ ಜಾಗದಲ್ಲಿ ಓದುವುದು, ಸಂಗೀತ ಕೇಳುವುದು ಎಂದು ಬರೆದ ಮೇಲೂ ಅವಳಿಗೆ ಆ ಸಾಲು ಮಂಕಾಗಿ ಕಂಡಿರಬೇಕು. "ಬರೀ ಕೂತ್ಕೊಂಡು ಮಾಡೋದೇ ಆಯ್ತಲ್ಲೇ" ಎಂದಳು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಗೆಳತಿಯರ ಜೊತೆ ಒಮ್ಮೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆನಲ್ಲ, ಅದನ್ನು ಆಧಾರ ಮಾಡಿಕೊಂಡು 'ಟ್ರೆಕ್ಕಿಂಗ್' ಎಂದು ಸೇರಿಸಿದಳು. ಇಳಿಯುವಾಗ ನಾನು ಬಸ್ಸಿನಲ್ಲಿ ಬಂದಿದ್ದೆ. ಅದನ್ನು ಬರೆಯಲಿಲ್ಲ.

ಈ ಬಯೋಡೇಟಾ ಜಾರ್ಜಿಯಾದ ಜಾನ್ಸ್ ಕ್ರೀಕಿನಲ್ಲಿರುವ ಒಬ್ಬ ಆಂಟಿಯ ಕೈ ಸೇರಿತು. ಅಮ್ಮನ ಗೆಳತಿಯ ನಾದಿನಿ ಅವರು. ಅಟ್ಲಾಂಟಾದಿಂದ ವಾಷಿಂಗ್ಟನ್‌ವರೆಗೆ, ನಡುವಿನ ಎರಡೂ ಕ್ಯಾರೊಲೈನಾಗಳನ್ನು ಬಿಡದೆ, ಮದುವೆಯಾಗದ ಕನ್ನಡದವರ ವಿವರವೆಲ್ಲ ಅವರ ಫೋನಿನಲ್ಲಿದೆ ಎಂದು ಪ್ರತೀತಿ. ಅವರು ಹುಡುಕಿದ ಹುಡುಗ ಸುಮಂತ್. ಊರು ತುಮಕೂರು, ಇರುವುದು ಫೇರ್‌ಫ್ಯಾಕ್ಸ್‌ನಲ್ಲಿ, ಸಾಫ್ಟ್‌ವೇರ್ ಕೆಲಸ. ನನ್ನ ರಾಕ್‌ವಿಲ್‌ನಿಂದ ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ. ಅವನ ಬಯೋಡೇಟಾದಲ್ಲೂ ಟ್ರೆಕ್ಕಿಂಗ್ ಎಂದಿತ್ತು. "ನೋಡಮ್ಮ, ಇಬ್ಬರಿಗೂ ಟ್ರೆಕ್ಕಿಂಗು! ನಾನಾಗಿ ಹುಡುಕಿದ್ರೂ ಸಿಕ್ತಿರ್ಲಿಲ್ಲ" ಎಂದು ಆಂಟಿ ಫೋನಿನಲ್ಲಿ ಹಿಗ್ಗಿದರು. ಹುಡುಕಿದ್ದು ಅವರೇ ಎಂದು ನಾನು ನೆನಪಿಸಲಿಲ್ಲ.

ಎರಡು ಸಲ ಫೋನಿನಲ್ಲಿ ಮಾತಾಡಿದೆವು. ಮೂರನೆಯ ಸಲ ಅವನು, "ಅಮ್ಮ ಬಂದಿದ್ದಾರೆ, ಆರು ತಿಂಗಳಿಗೆ. ಅವರೂ ನಿಮ್ಮನ್ನ ನೋಡ್ಬೇಕಂತಿದ್ದಾರೆ. ಹೇಗೂ ನಿಮಗೆ ಟ್ರೆಕ್ಕಿಂಗ್ ಇಷ್ಟ ಅಲ್ವಾ? ಓಲ್ಡ್ ರ‍್ಯಾಗ್‌ಗೆ ಹೋಗೋಣ್ವಾ?" ಎಂದ. ಕಾಫಿಗೆ ಹೋಗೋಣ ಎಂದು ನಾನು ಹೇಳಬಹುದಿತ್ತು. "ಓ, ಚೆನ್ನಾಗಿರುತ್ತೆ" ಎಂದೆ. ಫೋನಿಟ್ಟ ಮೇಲೆ ಆ ಬೆಟ್ಟದ ವಿಡಿಯೊಗಳನ್ನು ನೋಡಿದೆ. ಜನ ಬಂಡೆಯ ಸೀಳುಗಳಲ್ಲಿ ಇಳಿಯುತ್ತಿದ್ದರು, ಕೈ ಕಾಲು ಮೊಣಕೈ ಎಲ್ಲ ಬಳಸಿ ತೆವಳುತ್ತಿದ್ದರು, ಒಬ್ಬಳನ್ನು ಮೇಲಿಂದ ಇಬ್ಬರು ಮೂಟೆಯಂತೆ ಎಳೆದುಕೊಳ್ಳುತ್ತಿದ್ದರು. ಮಾರನೆಯ ದಿನ ಹೋಗಿ ಶೂ ತಂದೆ. ಅದು ಹೊಸದೆಂದು ಗೊತ್ತಾಗಬಾರದಲ್ಲ; ಮೂರು ಸಂಜೆ ಅಪಾರ್ಟ್‌ಮೆಂಟಿನ ಹಿಂದಿನ ಕೆರೆಯಂಥ ಹೊಂಡದ ಸುತ್ತ ಅದನ್ನು ಹಾಕಿಕೊಂಡು ನಡೆದೆ. ಸಾಕಷ್ಟು ಕೊಳೆಯಾಗಲಿಲ್ಲವೆಂದು ಕೊನೆಗೆ ದಂಡೆಯ ಮಣ್ಣನ್ನು ಕೈಯಿಂದಲೇ ಹಚ್ಚಿದೆ. ಮೂವತ್ತು ತುಂಬಲು ಎಂಟು ತಿಂಗಳಿದ್ದ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದ ಹೆಂಗಸು.

ಅಪ್ಪ ಗಡುವು ಕೊಟ್ಟಿದ್ದರು. "ಜನಾನ ತೂಗಾಡಿಸ್ಬಾರದು. ಶನಿವಾರ ನೋಡ್ತೀಯ, ಭಾನುವಾರ ನಮಗೆ ರಾತ್ರಿಯಾಗೋದ್ರೊಳಗೆ ಹೇಳ್ಬಿಡು. ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ." ನ್ಯಾಯವಾದ ಮಾತೇ. ಔಷಧಿಗಳ ಪ್ರಯೋಗದ ಲೆಕ್ಕ ನೋಡುವುದು ನನ್ನ ಉದ್ಯೋಗ: ಕಾಯಿಲೆ ಈ ಮಾತ್ರೆಯಿಂದಲೇ ವಾಸಿಯಾಯಿತೋ, ಬೇರೆ ಯಾವುದರಿಂದಲೋ ಎಂದು ಬಿಡಿಸಿ ಹೇಳುವುದು. ಹೂಂ, ಇಲ್ಲ ಎನ್ನುವುದಕ್ಕೇ ಸಂಬಳ. ಒಂದು ದಿನದಲ್ಲಿ ಹೇಳಿಬಿಡಬಹುದು ಎಂದುಕೊಂಡೆ.

ನನ್ನ ಕಾರಿನಲ್ಲೇ ಹೋದೆ. ಒಟ್ಟಿಗೆ ಹೋಗಬಹುದಿತ್ತು, ಅವನು ಕರೆದ ಕೂಡ. ಆದರೆ ಬೇಡವೆನಿಸಿದಾಗ ಹೊರಟುಬರಲು ನನ್ನದೊಂದು ಕಾರು ಹತ್ತಿರವಿರಲಿ ಎಂಬುದು ನನ್ನ ಹಳೆಯ ಅಭ್ಯಾಸ. ಮದುವೆಮನೆಗಳಿಗೂ ಹಾಗೇ ಹೋಗುತ್ತೇನೆ. ಬೆಳಿಗ್ಗೆ ಏಳೂವರೆಗೆ ಬೆಟ್ಟದ ಬುಡದ ಪಾರ್ಕಿಂಗ್ ಅರ್ಧ ತುಂಬಿತ್ತು. ಚಳಿಗೆ ಬಾಯಿಂದ ಹೊಗೆ. ಫೋನಿಗೆ ಸಿಗ್ನಲ್ ಇಲ್ಲ.

ಸುಮಂತ್‌ನ ತಾಯಿ ನಾಗರತ್ನ ಆಂಟಿ ಕಾರಿನಿಂದ ಇಳಿಯುತ್ತಿದ್ದರು. ಅರವತ್ತೆರಡು ವರ್ಷ, ತುಮಕೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿ ನಿವೃತ್ತರಾದವರು. ಚೂಡಿದಾರ, ಅದರ ಮೇಲೆ ಮಗನ ಜಾಕೆಟ್, ತಲೆಗೆ ಮಫ್ಲರು. ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ ಎಂದು ಸಿದ್ಧಳಾಗಿ ನಿಂತಿದ್ದೆ. ಅವರು ನೋಡಿದ್ದು ನನ್ನ ಹಿಂದಿದ್ದ ಬೆಟ್ಟವನ್ನು.

"ಇದೇನೋ ಸುಮಂತಾ, ಬರೀ ಮರ. ಬಂಡೆ ಎಲ್ಲಿ?"

"ಮೇಲಿದೆಯಮ್ಮ. ಮೊದಲು ಎರಡು ಮೈಲಿ ಕಾಡು."

"ಹಂಗಾದ್ರೆ ಸರಿ" ಎಂದು ನನ್ನ ಕಡೆ ತಿರುಗಿದರು. "ಬಾರಮ್ಮ. ಚಳಿಯಾಗ್ತಾ ಇದ್ಯಾ? ನಡೀತಾ ನಡೀತಾ ಹೋಗುತ್ತೆ." ನನಗೆ ಆದ ಸಂದರ್ಶನ ಅಷ್ಟೇ.

ಕಾಡಿನ ದಾರಿ ಹಾವಿನಂತೆ ಸುತ್ತಿ ಸುತ್ತಿ ಏರುತ್ತಿತ್ತು. ಮರಗಳ ಮೇಲೆ ನೀಲಿ ಬಣ್ಣದ ಪಟ್ಟಿ ಬಳಿದಿರುತ್ತಾರೆ, ಅದನ್ನು ನೋಡಿಕೊಂಡು ಹೋಗಬೇಕು. ಸುಮಂತ್ ಪ್ರತಿ ಪಟ್ಟಿಯ ಹತ್ತಿರ ನಿಂತು ಫೋನಿನಲ್ಲಿ ಇಳಿಸಿಕೊಂಡಿದ್ದ ನಕ್ಷೆಯ ಜೊತೆ ತಾಳೆ ನೋಡುತ್ತಿದ್ದ. ದಾರಿಯೇನೋ ಒಂದೇ ಇತ್ತು. ಇದು ಅನುಭವಸ್ಥರ ಜಾಗರೂಕತೆ ಇರಬೇಕೆಂದು ನಾನೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಅವನು ನನ್ನ ಕೆಲಸದ ಬಗ್ಗೆ ಕೇಳಿದ, ನಾನು ಅವನ ಕೆಲಸದ ಬಗ್ಗೆ ಕೇಳಿದೆ. ಎರಡೂ ಬಯೋಡೇಟಾದಲ್ಲೇ ಇತ್ತು. ಉಸಿರು ಸಾಲದೆ ಇಬ್ಬರೂ ಸುಮ್ಮನಾದೆವು. ಆಂಟಿ ಮಾತ್ರ ಮಾತಾಡುತ್ತಲೇ ಹತ್ತುತ್ತಿದ್ದರು. ಮಧುಗಿರಿ ಅವರ ತವರು; ಏಕಶಿಲೆಯ ಆ ಬೆಟ್ಟದ ಬುಡದಲ್ಲೇ ಮನೆಯಿತ್ತಂತೆ. ಸೀತಾಫಲದ ಕಾಲ ಬಂದರೆ ಕೇರಿಯ ಮಕ್ಕಳೆಲ್ಲ ಬಂಡೆಯ ಸಂದಿಗಳಿಗೆ ನುಗ್ಗುತ್ತಿದ್ದರಂತೆ. "ಕೆಳಗಿನ ಹಣ್ಣೆಲ್ಲ ಗಂಡುಡುಗರು ಕಿತ್ಕೊಂಬಿಡೋರು. ಮೇಲಿನವು ನಮಗೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಹತ್ತೋದು. ಮದ್ವೆ ಆದ್ಮೇಲೆ ಯಾವ ಬಂಡೆನೂ ಮುಟ್ಟಿಲ್ಲ ನೋಡು, ನಲವತ್ತು ವರ್ಷ ಆಯ್ತು."

ನನಗೆ ಒಂದು ಅನುಮಾನ ಹುಟ್ಟಿದ್ದು ಅಲ್ಲಿಯೇ. ಈ ಮೂವರಲ್ಲಿ ನಿಜವಾಗಿ ಬೆಟ್ಟಕ್ಕೆ ಬಂದವರು ಇವರೊಬ್ಬರೇ ಇರಬಹುದು.

ಕಾಡು ಮುಗಿದದ್ದೇ ಬಂಡೆಗಳು ಶುರುವಾದವು. ಯಾರೋ ಮನೆಗಳಷ್ಟು ದೊಡ್ಡ ಕಲ್ಲುಗಳನ್ನು ಗೋಣಿಚೀಲದಿಂದ ಸುರಿದು ಹೋದ ಹಾಗೆ. ನೀಲಿ ಬಾಣಗಳು ಈಗ ಮರ ಬಿಟ್ಟು ಕಲ್ಲಿನ ಮೇಲಿದ್ದವು, ಮನುಷ್ಯರು ಹೋಗಲಾರದ ದಿಕ್ಕುಗಳನ್ನು ತೋರಿಸುತ್ತಿದ್ದವು. ಎಲೆಗಳು ಕೆಂಪಾಗುವ ಕಾಲವಾದ್ದರಿಂದ ಜನವೂ ಬಹಳ. ಇಕ್ಕಟ್ಟಿನ ಜಾಗ ಬಂದರೆ ಸಾಲು ನಿಲ್ಲಬೇಕು.

ಅಂಥ ಮೊದಲನೆಯ ಜಾಗದಲ್ಲಿ ಬಂಡೆ ಎರಡಾಗಿ ಸೀಳಿತ್ತು. ಸೀಳಿನೊಳಗೆ ಒಂದಾಳಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಇಳಿದು, ಅಡ್ಡಡ್ಡ ನಡೆದು, ಆ ತುದಿಯಲ್ಲಿ ಮತ್ತೆ ಮೇಲೇರಬೇಕು. ಸುಮಂತ್ ಅಂಚಿನಲ್ಲಿ ಕೂತ. ಕಾಲು ಇಳಿಬಿಟ್ಟ. ಮತ್ತೆ ಎಳೆದುಕೊಂಡ. ಹಿಂದೆ ಸಾಲಿನಲ್ಲಿದ್ದ ಬಿಳಿ ಗಡ್ಡದವರೊಬ್ಬರು ನಿಧಾನವಾಗಲಿ, ಅವಸರವಿಲ್ಲ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ಅವನ ಕಿವಿ ಕೆಂಪಾಯಿತು.

"ಅಮ್ಮಾ, ನನ್ ಕೈಲಿ ಆಗಲ್ಲ."

"ಆಗಲ್ಲ ಅಂದ್ರೆ? ಬಯೋಡೇಟಾದಲ್ಲಿ ಟ್ರೆಕ್ಕಿಂಗು ಅಂತ ಬರ‍್ಕೊಂಡಿದ್ಯಲ್ಲೋ!"

"ಅದು ಅಕ್ಕ ಬರೆದಿದ್ದಮ್ಮ! ನಾನೆಲ್ಲಿ ಬರೆದೆ? ನಾನು ನಂದಿ ಬೆಟ್ಟಕ್ಕೂ ಕಾರಲ್ಲೇ ಹೋಗಿರೋದು." ಆಮೇಲೆ ನನ್ನ ಕಡೆ ತಿರುಗಿ, "ಸಾರಿ. ಹೇಳ್ಬೇಕಿತ್ತು ನಿಮಗೆ. ನಿಮಗೆ ಇಷ್ಟ ಅಂತಿತ್ತಲ್ಲ, ಅದಕ್ಕೇ..." ಎಂದ.

ಈಗ ನಾನು ಮಾಡಬೇಕಾದ ಕೆಲಸ ಎಷ್ಟು ಸುಲಭದ್ದಾಗಿತ್ತು ನೋಡಿ. 'ನನ್ನದೂ ಅಮ್ಮ ಬರೆದದ್ದೇ' ಎಂದಿದ್ದರೆ ಮುಗಿಯುತ್ತಿತ್ತು. ಮೂವರೂ ನಗುತ್ತಿದ್ದೆವು. ಆ ಬಿಳಿ ಗಡ್ಡದವರು ಕೂಡ, ಏನೆಂದು ತಿಳಿಯದಿದ್ದರೂ, ನಗುತ್ತಿದ್ದರೇನೋ. ನಾನು, "ಪರವಾಗಿಲ್ಲ, ಮೊದಲನೇ ಸಲ ಎಲ್ಲರಿಗೂ ಹಾಗೇ ಆಗುತ್ತೆ" ಎಂದೆ. ಎಲ್ಲಿಂದ ಬಂತು ಆ ಧ್ವನಿ, ತಿಳಿಯದು. ನಮ್ಮ ಇಲಾಖೆಯ ಮುಖ್ಯಸ್ಥರು ಹೊಸಬರ ಜೊತೆ ಮಾತಾಡುವ ಧ್ವನಿ ಅದು. ಹಾಗೆಂದ ಮೇಲೆ ಮೊದಲು ಇಳಿಯುವುದು ನನ್ನ ಕರ್ತವ್ಯವಾಯಿತು.

ಇಳಿದೆ ಎನ್ನುವುದಕ್ಕಿಂತ ಬಿದ್ದೆ. ಮಂಡಿ ತರಚಿತು, ಎಡ ಅಂಗೈ ಸುಲಿಯಿತು. ಮೇಲಿಂದ ಆಂಟಿಯ ಮುಖ ಇಣುಕಿತು. ಅವರು ನನ್ನನ್ನು ಒಂದು ಕ್ಷಣ ನೋಡಿದ ರೀತಿಯಲ್ಲಿ, ಮಗ್ಗಿ ಬರುತ್ತದೆಂದು ಸುಳ್ಳು ಹೇಳಿ ಕೈಯೆತ್ತಿದ ಹುಡುಗಿಯನ್ನು ನೋಡುವ ಮೇಷ್ಟರ ತಾಳ್ಮೆ ಇತ್ತು. ಏನೂ ಅನ್ನಲಿಲ್ಲ. ಮಗನ ಬಾಲ್ಕನಿಯ ಮೆಂತ್ಯದ ಕುಂಡಗಳಿಗೆಂದು ಕೊಂಡಿದ್ದ ಗ್ಲೌಸನ್ನು ಜಾಕೆಟಿನ ಜೇಬಿನಿಂದ ತೆಗೆದು, ಎಡಗೈಯದನ್ನು ಕೆಳಕ್ಕೆ ಎಸೆದರು.

"ನಿಂಗೊಂದು, ನಂಗೊಂದು. ಹಾಕ್ಕೋ. ಹೊಟ್ಟೆನ ಬಂಡೆಗೆ ಒತ್ಕೋಬೇಡ ಕಣಮ್ಮ, ಕಾಲು ಜಾರೋದೇ ಅದಕ್ಕೆ. ಮೈ ಈಚೆ ಇರ‍್ಲಿ, ಭಾರ ಎಲ್ಲ ಪಾದದ ಮೇಲೆ ಬೀಳ್ಬೇಕು. ಮೂರು ಕಡೆ ಹಿಡಿತ ಇದ್ರೆ ನಾಕನೇದು ಬಿಡು. ಗೊತ್ತಿರ‍್ಬೇಕಲ್ಲ ನಿಂಗೆ?"

"ಗೊತ್ತು ಆಂಟಿ" ಎಂದೆ. ಅದೂ ಸುಳ್ಳೇ.

ಆಮೇಲೆ ಮಗನನ್ನು ಇಳಿಸಿದ್ದು ಅವರೇ. ತಾವು ಮೊದಲು ಇಳಿದು ಅವನ ಪಾದ ಹಿಡಿದು, ಒಂದೊಂದಾಗಿ, ಇಲ್ಲಿಡು, ಹಾಂ, ಈಗ ಅದು ಇಲ್ಲಿಡು ಎಂದು ಬಂಡೆಯ ಉಬ್ಬುಗಳ ಮೇಲೆ ಇಟ್ಟರು. ಅವನು ಕಣ್ಣು ಮುಚ್ಚಿಕೊಂಡೇ ಇಳಿದ. ಆದರೆ ಇಳಿದ. ಆಗಲ್ಲ ಎಂದು ಅವನು ಮತ್ತೆ ಹೇಳಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆ ದಿನವಲ್ಲ, ಎಷ್ಟೋ ತಿಂಗಳಾದ ಮೇಲೆ.

ಮುಂದಿನ ಎರಡು ಗಂಟೆ ನನ್ನ ಬದುಕಿನಲ್ಲೇ ತುಂಬ ಸಂತೋಷದ ಎರಡು ಗಂಟೆಗಳು ಎಂದು ಹೇಳಲು ನನಗೆ ಸಂಕೋಚವಾಗುತ್ತದೆ. ಆಂಟಿ ಮುಂದೆ, ಹಿಂದೆ ನಾನು. ಅವರು ಶೂ ಬಿಚ್ಚಿ ಲೇಸಿನಿಂದ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದರು; ಬರಿಗಾಲಿನಲ್ಲಿ ಆ ತಣ್ಣನೆಯ ಕಲ್ಲಿನ ಮೇಲೆ ಬೆರಳುಗಳನ್ನು ಹರಡಿ ನಿಲ್ಲುತ್ತಿದ್ದರು. ದಾಟುತ್ತಿದ್ದ ಅಮೆರಿಕದ ಹುಡುಗಿಯರು ನಿಂತು ನೋಡಿದರು. ಒಂದು ಕಡೆ ಎರಡು ಗೋಡೆಗಳ ನಡುವೆ ಒಂದು ಗುಂಡುಕಲ್ಲು ಸಿಕ್ಕಿಕೊಂಡು ಚಾವಣಿಯಾಗಿತ್ತು, ಅದರ ಕೆಳಗೆ ನುಸುಳುವಾಗ "ಮಧುಗಿರೀಲೂ ಇಂಥದ್ದೇ ಒಂದೈತೆ. ಅದ್ರೊಳಗೆ ಬಾವಲಿ ಇರ‍್ತಿದ್ವು, ಇಲ್ಲಿ ಅದೂ ಇಲ್ಲ" ಎಂದು ಅಮೆರಿಕದ ಬಗ್ಗೆ ಸ್ವಲ್ಪ ನಿರಾಶೆ ತೋರಿದರು. ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎನ್ನುವುದನ್ನು ಬಿಟ್ಟರೆ ತಲೆಯಲ್ಲಿ ಇನ್ನೇನೂ ಇರಲಿಲ್ಲ. ನಾನು ಯಾರ ಮುಂದೆಯೂ ಗಟ್ಟಿಯಾಗಿ ನಗುವವಳಲ್ಲ. ಒಂದು ಕಡೆ ಆಂಟಿ ನನ್ನನ್ನು ಮುಂದೆ ಬಿಟ್ಟು ಕೆಳಗಿಂದ ನನ್ನ ಹಿಂಭಾಗಕ್ಕೆ ಹೆಗಲು ಕೊಟ್ಟು ತಳ್ಳಿದಾಗ ನಕ್ಕ ನಗು ಕಣಿವೆಗೆ ಕೇಳಿಸಿರಬೇಕು.

ಆ ಬೆಟ್ಟಕ್ಕೆ ಇನ್ನೊಂದು ಗುಣವಿದೆ. ಇದೇ ತುದಿ ಎಂದು ತೋರುತ್ತದೆ, ಹತ್ತಿ ನಿಂತರೆ ಅದರಾಚೆ ಇನ್ನೂ ಎತ್ತರದ್ದು ಕಾಣುತ್ತದೆ. ಮೂರು ಸಲ ನಾವು ತುದಿ ತಲುಪಿದೆವು. ಪ್ರತಿ ಸಲವೂ ಆಂಟಿ "ಬಂತು!" ಎಂದು ಸಾರಿದರು. ಪ್ರತಿ ಸಲವೂ ಸುಮಂತ್ ಸದ್ದಿಲ್ಲದೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟ. ಮೂವರ ನೀರನ್ನೂ ಅವನೇ ಹೊತ್ತಿದ್ದ.

ನಿಜವಾದ ತುದಿಯಲ್ಲಿ ಗಾಳಿ ಜೋರಾಗಿತ್ತು. ಕೆಳಗೆ ಕೆಂಪು, ಹಳದಿ, ಅದರಾಚೆ ನೀಲಿಯ ಮೇಲೆ ನೀಲಿಯಾಗಿ ಬೆಟ್ಟಸಾಲು. ಒಂದು ಬಂಡೆಯ ಮರೆಯಲ್ಲಿ ಕೂತೆವು. ಆಂಟಿ ಮಗನ ಬ್ಯಾಗಿನ ತಳದಿಂದ ಎರಡು ಡಬ್ಬಿ ತೆಗೆದರು. ಒಂದರಲ್ಲಿ ಉಪ್ಪಿಟ್ಟು. ಇನ್ನೊಂದರಲ್ಲಿ ಕೇಸರಿಬಾತು, ತುಪ್ಪ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

"ನ್ಯಾಯವಾಗಿ ಇದನ್ನ ನಿಮ್ಮನೇಲಿ ನಾವು ತಿನ್ಬೇಕಿತ್ತು. ನಿಮ್ಮಮ್ಮ ಅಲ್ಲಿ, ನೀನಿಲ್ಲಿ. ಅದಕ್ಕೆ ನಾನೇ ಮಾಡಿ ಹೊರ‍್ಸ್ಕೊಂಡು ಬಂದೆ. ಹುಡುಗಿ ಹಾಡ್ತಾಳಾ ಅಂತ ಕೇಳಲ್ಲ, ಹೆದ್ರಬೇಡ."

ಸುಮಂತ್ ಎರಡು ತುತ್ತು ತಿಂದು, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಸ್ವಲ್ಪ ದೂರದ ಬಂಡೆಯ ಮೇಲೆ ಅಂಗಾತ ಮಲಗಿದ. ನಾನು ಆಂಟಿಯ ಪಕ್ಕ ಕೂತು ತಣ್ಣನೆಯ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡೆ. ಇವರ ಮನೆಯಲ್ಲಿ ಇದ್ದುಬಿಟ್ಟರೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ. ಅದೊಂದು ಮೆತ್ತನೆಯ ಯೋಚನೆ. ನಾನು ಹೂಂ ಎನ್ನುವುದು ಬಹುತೇಕ ತೀರ್ಮಾನವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆಂಟಿ ಸ್ಪೂನಿನಿಂದ ಡಬ್ಬಿಯ ಮೂಲೆ ಕೆರೆಯುತ್ತ, ಮಗನಿಗೆ ಕೇಳದ ಹಾಗೆ ಹೇಳಿದರು: "ನನ್ನ ನೋಡಿ ಹೂಂ ಅನ್ಬೇಡ ಕಣಮ್ಮ."

ನಾನು ತುತ್ತು ನುಂಗಿದೆ.

"ಬೆಳಗಿಂದ ನೋಡ್ತಿದೀನಿ, ನೀನು ಅವನ ಕಡೆ ನಾಕು ಸಲನೂ ತಿರುಗಿಲ್ಲ. ನಂಗೇನೋ ಖುಷೀನೇ. ನಂಗೂ ನೀನು ಇಷ್ಟವಾದೆ. ಆದ್ರೆ ನಾನು ಡಿಸೆಂಬರ್‌ಗೆ ಊರಿಗೆ ಹೋಗ್ತೀನಿ. ಇಲ್ಲಿರೋನು ಅವನು. ನಾನು ಮದ್ವೆಯಾಗಿದ್ದು ನಮ್ಮತ್ತೆನ ನೋಡಿ, ದೇವರಂಥೋರು. ಎರಡೇ ವರ್ಷಕ್ಕೆ ಹೋಗ್ಬಿಟ್ರು. ಆಮೇಲೆ ಒಂದಿನ ಅಡುಗೆಮನೇಲಿ ನಿಂತ್ಕೊಂಡು ಯೋಚ್ನೆ ಮಾಡ್ದೆ, ಈ ಮನುಷ್ಯ ಯಾರಪ್ಪಾ ಅಂತ."

"ಆಮೇಲೆ?"

"ಆಮೇಲೇನು. ನಿಧಾನಕ್ಕೆ ಗೊತ್ತಾಯ್ತು. ಒಳ್ಳೆ ಮನುಷ್ಯನೇ. ಆದ್ರೆ ಬಹಳ ವರ್ಷ ಹಿಡೀತು." ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. "ಇವನೂ ಒಳ್ಳೇವ್ನೇ. ತಾಯಿ ಹೇಳಿದ್ಲು ಅಂತ ನಂಬ್ಬೇಡ, ನೀನೇ ನೋಡು."

ನೋಡಿದೆ. ಟೋಪಿ, ಎರಡು ಶೂಗಳ ಅಡಿ, ಹೊಟ್ಟೆಯ ಮೇಲೆ ಜೋಡಿಸಿಟ್ಟ ಕೈ. ಅಷ್ಟು ಕಂಡಿತು. ಏನು ನೋಡಬೇಕು, ಹೇಗೆ ನೋಡಬೇಕು ಎಂಬುದು ನನಗೆ ತಿಳಿಯಲಿಲ್ಲ.

ಇಳಿಯುವ ದಾರಿ ಬೇರೆ. ಬೆಟ್ಟದ ಬೆನ್ನಿನ ಕಡೆಯಿಂದ, ಬಂಡೆಗಳಿಲ್ಲದೆ, ಕಾಡಿನ ನಡುವಿನ ಅಗಲವಾದ ಮಣ್ಣು ರಸ್ತೆಯಲ್ಲಿ ಮೈಲಿಗಟ್ಟಲೆ ನಡೆದು ಬರಬೇಕು. ಆಂಟಿ ಬೇಕೆಂದೇ ಹಿಂದೆ ಉಳಿದರು. ಎಲೆಗಳ ಮೇಲೆ ನಮ್ಮಿಬ್ಬರ ಹೆಜ್ಜೆಯ ಸದ್ದು. ಹೇಳಬೇಕಾದ ಒಂದೇ ಒಂದು ಮಾತು, ನನ್ನದೂ ಅಮ್ಮ ಬರೆದದ್ದೇ ಎಂಬುದು, ನನ್ನ ಬಾಯಲ್ಲಿತ್ತು. ಮುಂದಿನ ಮರ ಬರಲಿ, ಆ ತೊರೆ ದಾಟಲಿ ಎಂದು ಮುಂದೂಡುತ್ತ ಹೋದೆ. ತಡವಾದಷ್ಟೂ ಅದು ಹೆಚ್ಚು ವಿಚಿತ್ರವಾಯಿತು. ಬೆಳಿಗ್ಗೆ ತಮಾಷೆಯಾಗಬಹುದಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ತಪ್ಪೊಪ್ಪಿಗೆಯಾಗಿತ್ತು. ಅವನು ಒಮ್ಮೆ, "ನೀವು ತುಂಬಾ ಚೆನ್ನಾಗಿ ಹತ್ತಿದ್ರಿ" ಎಂದ. "ಥ್ಯಾಂಕ್ಸ್" ಎಂದೆ. ಪಾರ್ಕಿಂಗ್ ಬಂತು. ಆಂಟಿ ನನ್ನ ಕೆನ್ನೆ ಮುಟ್ಟಿ ಕಾರು ಹತ್ತಿದರು. ಗ್ಲೌಸು ನನ್ನ ಕೈಯಲ್ಲೇ ಉಳಿದಿತ್ತು.

ಮನೆಗೆ ಬಂದು ಸ್ನಾನ ಮಾಡಿ ಸಂಜೆ ಒಂದು ಪಟ್ಟಿ ಮಾಡಿದೆ. ನಗಬೇಡಿ, ಕೆಲವರು ದೇವರ ಮುಂದೆ ಹೂವಿನ ಪ್ರಸಾದ ಕೇಳುತ್ತಾರೆ, ನಾನು ಪಟ್ಟಿ ಮಾಡುತ್ತೇನೆ. ಆ ದಿನದಲ್ಲಿ ಇಷ್ಟವಾದದ್ದನ್ನೆಲ್ಲ ಬರೆದೆ. ಹನ್ನೊಂದು ಬಂದವು. ಒಂಬತ್ತು ಆಂಟಿಯವು. ಅವನವು ಎರಡು: ನೀರು ಹೊತ್ತ, ನಿಜ ಹೇಳಿದ. ಆಫೀಸಿನಲ್ಲಾದರೆ ಇಂಥ ಫಲಿತಾಂಶ ತಂದವರಿಗೆ ನಾನು ಹೇಳುತ್ತಿದ್ದೆ, ನೀವು ಪರೀಕ್ಷಿಸಬೇಕಾದ ಔಷಧವೇ ಬೇರೆ, ಪರೀಕ್ಷಿಸಿದ್ದೇ ಬೇರೆ ಎಂದು. ಆದರೆ ಎರಡೂ ಒಂದೇ ಮಾತ್ರೆಯಲ್ಲಿದ್ದರೆ? ಅವರು ಅವನನ್ನು ಬೆಳೆಸಿದವರಲ್ಲವೇ? ಆ ಒಂಬತ್ತರಲ್ಲಿ ಅವನ ಪಾಲು ಎಷ್ಟು? ಪೆನ್ನು ಕಚ್ಚುತ್ತ ಕೂತಿದ್ದಾಗ ಅಮ್ಮನ ಫೋನು ಬಂತು. ಮೈಸೂರಿನಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು.

"ಏನೇ, ಹೇಗಿತ್ತು?"

"ಅವರಮ್ಮ ತುಂಬಾ ಒಳ್ಳೆಯವರಮ್ಮ."

"ಅವರಮ್ಮನ್ನ ಯಾರು ಕೇಳಿದ್ರು? ಹುಡುಗ?"

"ಹುಡುಗನೂ... ಒಳ್ಳೆಯವನೇ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಇಡೀ ದಿನ ಜೊತೇಲಿದ್ದು ಅನ್ಸುತ್ತೆ ಅಂದ್ರೆ ಏನರ್ಥ? ಅಪ್ಪಂಗೆ ಏನು ಹೇಳ್ಲಿ?"

"ನಾಳೆ ಹೇಳ್ತೀನಿ" ಎಂದೆ.

ಆ ನಾಳೆಯ ಬಗ್ಗೆ ಈ ಮೂರು ವರ್ಷದಲ್ಲಿ ನಾನು ಬಹಳ ಸಲ ಯೋಚಿಸಿದ್ದೇನೆ. ಸುಮಂತ್‌ಗೆ ಮದುವೆಯಾಗಿದೆ ಎಂದು ಜಾನ್ಸ್ ಕ್ರೀಕಿನ ಆಂಟಿ ಕಳೆದ ವರ್ಷ ಹೇಳಿದರು. ಕೇಳಿ ಸಂತೋಷವಾಯಿತು, ಒಂದು ನಿಮಿಷ ಬಿಟ್ಟು ಏನೋ ಕಳೆದುಕೊಂಡೆ ಅನ್ನಿಸಿತು. ಯಾರನ್ನು ಎಂದು ಕೇಳಿಕೊಂಡರೆ ಇವತ್ತಿಗೂ ಉತ್ತರ ಬೆಳಿಗ್ಗೆ ಒಂದು, ಸಂಜೆ ಒಂದು. ಅವರ ಮನೆಯಲ್ಲಿ ಈಗ ಬೇರೊಬ್ಬಳು ಆ ತಣ್ಣನೆಯ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿರಬಹುದು. ಅವಳು ಯಾರನ್ನು ನೋಡಿ ಹೂಂ ಎಂದಳೋ. ಆದರೆ ಈ ಪ್ರಶ್ನೆ ಬಂದರೆ ನಾನು ಮೊದಲಿನ ಹಾಗೆ ಪೆನ್ನು ಹುಡುಕುವುದಿಲ್ಲ. ಉತ್ತರವಿಲ್ಲದೆಯೇ ಇರಲಿ ಎಂದು ಬಿಡುತ್ತೇನೆ, ಇದನ್ನು ನಿಮಗೆ ಹೇಳಲು ಸಾಧ್ಯವಾದದ್ದೂ ಅದರಿಂದಲೇ.

ಆ ಭಾನುವಾರ ಬೆಳಿಗ್ಗೆ ಎದ್ದಾಗ ತೊಡೆಗಳು ಮರಗಟ್ಟಿದ್ದವು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಕ್ರಮದ ಪ್ರಕಾರ ನನ್ನ ಉತ್ತರ ಮೈಸೂರಿಗೆ ಹೋಗಿ, ಅಲ್ಲಿಂದ ಜಾನ್ಸ್ ಕ್ರೀಕಿಗೆ, ಅಲ್ಲಿಂದ ತುಮಕೂರಿನಲ್ಲಿರುವ ಸುಮಂತ್‌ನ ಅಕ್ಕನಿಗೆ, ಅಲ್ಲಿಂದ ಅರ್ಧ ಗಂಟೆ ದೂರದ ಫೇರ್‌ಫ್ಯಾಕ್ಸ್‌ಗೆ ಬರಬೇಕು. ಒಂಬತ್ತು ಗಂಟೆಗೆ ನಾನೇ ಸುಮಂತ್‌ಗೆ ಫೋನ್ ಮಾಡಿದೆ.

"ನಾನು ಇಲ್ಲ ಅಂತ ಹೇಳೋಕೆ ಫೋನ್ ಮಾಡ್ದೆ" ಎಂದೆ. ಅಭ್ಯಾಸ ಮಾಡಿಕೊಂಡಿದ್ದ ನಾಲ್ಕು ವಾಕ್ಯಗಳಲ್ಲಿ ಅದು ಕೊನೆಯದಾಗಬೇಕಿತ್ತು, ಮೊದಲೇ ಬಂದುಬಿಟ್ಟಿತು.

"ಓಕೆ" ಎಂದ. "ನೇರವಾಗಿ ಹೇಳಿದ್ರಲ್ಲ, ಥ್ಯಾಂಕ್ಸ್. ನಿನ್ನೆ ನಾನು ಆ ಸೀಳಿನ ಹತ್ರ..."

"ಅದಕ್ಕಲ್ಲ. ಅದಕ್ಕೆ ಖಂಡಿತ ಅಲ್ಲ. ಇನ್ನೊಂದು ವಿಷಯ ಹೇಳ್ಬೇಕು. ನಾನೂ ಯಾವತ್ತೂ ಟ್ರೆಕ್ಕಿಂಗ್ ಮಾಡಿರ‍್ಲಿಲ್ಲ. ನಮ್ಮಮ್ಮ ಬರೆದಿದ್ದು. ಶೂ ಹೋದ ವಾರ ತಗೊಂಡಿದ್ದು. ಮಣ್ಣು ನಾನೇ ಹಚ್ಚಿದ್ದು."

"ಏನಂದ್ರಿ? ಮಣ್ಣು?"

"ಕೈಯಲ್ಲಿ. ಹಳೇದು ಅಂತ ಕಾಣ್ಲಿ ಅಂತ."

ಅವನು ನಕ್ಕ. ಇಡೀ ಹಿಂದಿನ ದಿನ ನಾನು ಕೇಳಿರದ ನಗು, ಮೊದಲು ಸಣ್ಣದಾಗಿ ಶುರುವಾಗಿ, ನಿಲ್ಲಿಸಲು ಹೋಗಿ, ನಿಲ್ಲದೆ, ಉಸಿರುಗಟ್ಟಿ, "ಅಯ್ಯೋ ದೇವ್ರೆ, ನಾನು ನಿಮ್ಮನ್ನ ನೋಡಿ ಎಷ್ಟು ಹೆದ್ರಿದ್ದೆ ಗೊತ್ತಾ" ಎಂದು ಮತ್ತೆ ನಕ್ಕ. ಫೋನನ್ನು ಕಿವಿಗೆ ಒತ್ತಿಕೊಂಡೆ. ಪಟ್ಟಿಗೆ ಹನ್ನೆರಡನೆಯದು ಬಂದಿತ್ತು, ಇಲ್ಲ ಎಂದು ಹೇಳಿ ಎರಡು ನಿಮಿಷವಾದ ಮೇಲೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತೇ? ತೆಗೆದುಕೊಳ್ಳಬೇಕಿತ್ತೇ? ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ.

"ಅಮ್ಮ ಇಲ್ಲೇ ಇದ್ದಾರೆ. ಎಲ್ಲ ಕೇಳಿಸ್ಕೊಂಡ್ರು. ಫೋನ್ ಕೇಳ್ತಿದ್ದಾರೆ, ಕೊಡ್ಲಾ?" ಎಂದು ಕೊಟ್ಟೇಬಿಟ್ಟ.

"ಕಾಲು ಹೆಂಗಿದೆ?" ಎಂದರು ನಾಗರತ್ನ ಆಂಟಿ.

"ಆಂಟಿ, ನಾನು..."

"ಅದು ಬಿಡು. ಕಾಲು?"

"ಬಗ್ಗಿಸೋಕಾಗ್ತಿಲ್ಲ."

"ಹೂಂ. ಬಕೆಟಿಗೆ ಬಿಸಿನೀರು ಬಿಟ್ಟು ಉಪ್ಪು ಹಾಕಿ ಇಳಿಬಿಟ್ಕೊಂಡು ಕೂತ್ಕೋ. ಮಂಡಿವರೆಗೂ ಬರ‍್ಬೇಕು ನೀರು."

"ಎಷ್ಟು ಚಮಚ ಉಪ್ಪು ಆಂಟಿ?"

"ಚಮಚ ಎಲ್ಲ ಯಾರು ನೋಡ್ತಾರೆ? ಹಾಕು. ಸಾಕು ಅನ್ನಿಸ್ದಾಗ ನಿಲ್ಸು." ಅಷ್ಟು ಹೇಳಿ ಇಟ್ಟರು.

ಬಾತ್‌ರೂಮಿನ ಬಕೆಟನ್ನು ತುಂಬಿಸಿ ಟಬ್ಬಿನ ಅಂಚಿಗೆ ಎಳೆದೆ. ಉಪ್ಪಿನ ಡಬ್ಬಿಯನ್ನೇ ಬಗ್ಗಿಸಿದೆ. ಸಾಕು ಎಂದು ಯಾವಾಗ ಅನ್ನಿಸಬೇಕೋ ತಿಳಿಯದೆ ಬಹಳವೇ ಬಿದ್ದಿರಬೇಕು. ತರಚಿದ ಮಂಡಿ ಧಗ್ಗೆಂದು ಉರಿಯಿತು. ಹಾಗೇ ಕೂತು ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ವಿಷಯ ತಿಳಿಸಿದೆ. ಅವಳು ಯಾಕೆ ಎಂದು ಕೇಳಿದಳು. ಇಂಥ ಪ್ರಶ್ನೆಗೆ 'ಸುಮ್ಮನೆ' ಎಂದು ಹೇಳಿ ಫೋನಿಡುವುದು ನನ್ನ ರೂಢಿ. ನೀರು ಇನ್ನೂ ಬಿಸಿಯಾಗಿತ್ತು.

"ನಂಗೂ ಸರಿಯಾಗಿ ಗೊತ್ತಿಲ್ಲಮ್ಮ" ಎಂದೆ. "ಟೈಮ್ ಇದ್ರೆ ಕೂತ್ಕೋ, ಮೊದಲಿಂದ ಹೇಳ್ತೀನಿ."